ಬಿ.ಎಸ್‌ಸಿ. ಆಯಿತು, ಮುಂದೇನು?

ಕಳೆದ ಶ್ರಾವಣದಲ್ಲಿ ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನದ ಆವರಣದಲ್ಲಿ ಕಮಲಾಪುರದ ಕಡೆಯ ಹಿರಿಯರೊಬ್ಬರು ನಮಗೆ ಭೇಟಿಯಾದರು. ಕೆಂಪು ಬಾಳೆಯ ತೋಟವುಳ್ಳ ಮನೆತನ. ಮಗ ಬಿ.ಎಸ್‌ಸಿ. ಮುಗಿಸಿ ನಾಲ್ಕು ವರ್ಷಗಳಾಗಿವೆ. ಕಲಬುರಗಿಯಲ್ಲಿ ಕೋಣೆ ಹಿಡಿದು ಸರಕಾರಿ ನೌಕರಿಯ ಪರೀಕ್ಷೆಗಳಿಗೆ ಓದುತ್ತಿದ್ದಾನೆ. ಕೋಣೆಯ ಬಾಡಿಗೆ, ಖಾನಾವಳಿಯ ಲೆಕ್ಕ, ತರಬೇತಿಯ ಶುಲ್ಕ ಎಲ್ಲವೂ ತೋಟದಿಂದಲೇ ಹೋಗಬೇಕು. “ಹುಡುಗ ಕೆಟ್ಟವನಲ್ಲ, ಓದುತ್ತಾನೆ. ಇನ್ನೆಷ್ಟು ವರ್ಷವೆಂದು ಕೇಳಿದರೆ ಮಾತ್ರ ಸುಮ್ಮನಾಗುತ್ತಾನೆ” ಎಂದರು. ಸ್ವಲ್ಪ ತಡೆದು, “ಅವನು ಓದಿದ ಓದಿಗೆ ನೌಕರಿಯೇ ಇಲ್ಲವೇನ್ರಿ?” ಎಂದು ಕೇಳಿದರು. ಆ ಪ್ರಶ್ನೆಗೆ ಅಂದು ನಾವು ಸರಿಯಾಗಿ ಉತ್ತರಿಸಲಿಲ್ಲ. ಆದುದರಿಂದ ಈ ತಿಂಗಳು ಅದನ್ನೇ ಎತ್ತಿಕೊಂಡಿದ್ದೇವೆ.

ಸರಕಾರಿ ನೌಕರಿಯ ಆಸೆ ತಪ್ಪೆಂದು ನಾವು ಹೇಳಲಾರೆವು. ನಮ್ಮ ಭಾಗಕ್ಕೆ ಸಂವಿಧಾನದ 371(ಜೆ) ವಿಧಿ 2013ರಿಂದ ಜಾರಿಗೆ ಬಂದಿದೆ. ಸ್ಥಳೀಯ ವೃಂದದ ಗ್ರೂಪ್-ಸಿ ಹುದ್ದೆಗಳಲ್ಲಿ ನೂರಕ್ಕೆ 80ರಷ್ಟು ಈ ಪ್ರದೇಶದವರಿಗೇ ಮೀಸಲು. ಅದರ ಅರ್ಹತಾ ಪ್ರಮಾಣಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಪದವಿಯ ಕೊನೆಯ ವರ್ಷದಲ್ಲಿಯೇ ಪಡೆದಿಟ್ಟುಕೊಳ್ಳುವುದು ಒಳ್ಳೆಯದು. ಅರ್ಜಿಯ ಕೊನೆಯ ದಿನ ಓಡಾಡುವ ತರುಣರನ್ನು ನಾವು ಪ್ರತಿವರ್ಷ ನೋಡುತ್ತೇವೆ.

ಆದರೆ ಕೇವಲ ಈ ಒಂದು ದಾರಿಯನ್ನು ನಂಬಿ ಕುಳಿತವರ ಗತಿಯೇನೆಂಬುದನ್ನು ಕಲಬುರಗಿ ಕಣ್ಣಾರೆ ಕಂಡಿದೆ. 545 ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಿಗೆ ಬಂದುದು ನಮ್ಮ ಊರಿನ ಕೇಂದ್ರವೊಂದರಿಂದಲೇ. 2022ರ ಏಪ್ರಿಲಿನಲ್ಲಿ ಪರೀಕ್ಷೆ ರದ್ದಾಯಿತು. ಮರುಪರೀಕ್ಷೆ ನಡೆಯುವಾಗ 2024ರ ಜನವರಿ ಬಂದಿತ್ತು. ಪ್ರಾಮಾಣಿಕವಾಗಿ ಓದಿ ಬರೆದವರ ಆ ಎರಡು ವರ್ಷಗಳನ್ನು ಯಾರು ಹಿಂದಿರುಗಿಸುತ್ತಾರೆ? ಕೈಯಲ್ಲಿ ಬೇರೊಂದು ಕೆಲಸವಿದ್ದವರು ಅದನ್ನು ತಡೆದುಕೊಂಡರು. ಇಲ್ಲದವರು ತಂದೆಯ ಮುಖ ನೋಡಬೇಕಾಯಿತು.

ಇನ್ನು ಹಿರಿಯರ ಪ್ರಶ್ನೆಗೆ ಬರೋಣ. ರಸಾಯನಶಾಸ್ತ್ರ ಓದಿದವರಿಗೆ ನಮ್ಮ ಜಿಲ್ಲೆಯಲ್ಲಿ ಕೆಲಸವುಂಟು. ಅದು ನಮ್ಮ ಮನೆಗಳವರ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ವಾಡಿ, ಸೇಡಂ, ಮಳಖೇಡಗಳ ಸಿಮೆಂಟ್ ಕಾರ್ಖಾನೆಗಳನ್ನು ನೋಡಿರಿ. (ರಾಷ್ಟ್ರಕೂಟರ ಮಾನ್ಯಖೇಟವೇ ಈ ಮಳಖೇಡವೆಂಬುದು ಓದುಗರಿಗೆ ತಿಳಿದದ್ದೇ.) ಪ್ರತಿ ಕಾರ್ಖಾನೆಗೂ ಹಗಲು ರಾತ್ರಿ ನಡೆಯುವ ಪ್ರಯೋಗಾಲಯವೊಂದಿರುತ್ತದೆ. ಗಣಿಯಿಂದ ಬಂದ ಕಲ್ಲಿನಲ್ಲಿ ಸುಣ್ಣವೆಷ್ಟು, ಸಿಲಿಕಾ ಎಷ್ಟು, ಕಬ್ಬಿಣದ ಅಂಶವೆಷ್ಟು ಎಂಬುದನ್ನು ಅಲ್ಲಿ ಅಳೆಯುತ್ತಾರೆ. ಸುಮಾರು 1450 ಡಿಗ್ರಿ ಸೆಲ್ಸಿಯಸ್ ಕಾವಿನ ಕುಲುಮೆಯಿಂದ ಹೊರಬಿದ್ದ ಕ್ಲಿಂಕರಿನಲ್ಲಿ ಸಂಯೋಗವಾಗದೆ ಉಳಿದ ಸುಣ್ಣವನ್ನು ಪರೀಕ್ಷಿಸುತ್ತಾರೆ. ಸಿದ್ಧವಾದ ಸಿಮೆಂಟಿನಿಂದ ಚಿಕ್ಕ ಘನಗಳನ್ನು ಮಾಡಿ, ನೀರಿನಲ್ಲಿಟ್ಟು, 3, 7 ಮತ್ತು 28ನೆಯ ದಿನಗಳಂದು ಒತ್ತಿ ಒಡೆದು ಬಲವನ್ನು ನೋಡುತ್ತಾರೆ. ಇವೆಲ್ಲ ಬಿ.ಎಸ್‌ಸಿ. ತರಗತಿಯ ಬ್ಯುರೆಟ್ ಪಿಪೆಟ್ಟುಗಳ ಮುಂದುವರಿಕೆಯೇ. ಸಕ್ಕರೆ ಕಾರ್ಖಾನೆಗಳಿಗೂ ಇಂತಹ ಪ್ರಯೋಗಾಲಯಗಳುಂಟು. ಕಮಲಾಪುರದವರಿಗಂತೂ ಹುಮನಾಬಾದಿನ ಕೈಗಾರಿಕಾ ಪ್ರದೇಶ ಹತ್ತಿರದ ದಾರಿ. ಹೈದರಾಬಾದಿನ ಸುತ್ತಲಿನ ಔಷಧ ಕಾರ್ಖಾನೆಗಳೂ ದೂರವೇನಲ್ಲ.

ಮೊದಲಿಗೆ ಸಂಬಳ ಕಡಿಮೆ, ರಾತ್ರಿಯ ಪಾಳಿ ಇರುತ್ತದೆ. ಅಪಾಯವೂ ಇಲ್ಲದಿಲ್ಲ. 2025ರ ಜೂನ್ 30ರಂದು ಪಾಶಮೈಲಾರಂನ ಔಷಧ ಕಾರ್ಖಾನೆಯೊಂದರಲ್ಲಿ ಸ್ಫೋಟವಾಗಿ ನಲವತ್ತಕ್ಕೂ ಹೆಚ್ಚು ಜನ ಮಡಿದರು. ಆದುದರಿಂದ ಕೆಲಸಕ್ಕೆ ಸೇರುವ ಮುನ್ನ ನೇಮಕಾತಿ ಪತ್ರ, ಭವಿಷ್ಯ ನಿಧಿ, ಸುರಕ್ಷತೆಯ ತರಬೇತಿ ಇವುಗಳನ್ನು ನಾಚದೆ ಕೇಳಬೇಕು. ನೇರ ಕೆಲಸ ಸಿಗದಿದ್ದರೆ ಒಂದು ವರ್ಷದ ಅಪ್ರೆಂಟಿಸ್ ತರಬೇತಿಯುಂಟು. 2014ರ ತಿದ್ದುಪಡಿಯ ನಂತರ ಅದು ಎಂಜಿನಿಯರರಿಗಷ್ಟೇ ಅಲ್ಲದೆ ಇತರ ಪದವೀಧರರಿಗೂ ತೆರೆದಿದೆ. ಆದರೆ ಬಿ.ಎಸ್‌ಸಿ. ಒಂದರಿಂದಲೇ ಆಸ್ಪತ್ರೆಯ ರಕ್ತಪರೀಕ್ಷೆಯ ಕೆಲಸ ಸಿಗುವುದೆಂದು ಅನೇಕರು ತಿಳಿದಿರುವುದು ತಪ್ಪು, ಅದಕ್ಕೆ ಡಿ.ಎಂ.ಎಲ್.ಟಿ.ಯಂತಹ ಬೇರೆ ಓದು ಬೇಕು. ಶಿಕ್ಷಕರಾಗಬಯಸುವವರಿಗೆ ಎರಡು ವರ್ಷದ ಬಿ.ಎಡ್. ಇದ್ದೇ ಇದೆ.

ಒಂದು ಮಾತನ್ನು ಕಹಿಯಾದರೂ ಹೇಳಬೇಕಾಗಿದೆ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ವೇದಿಕೆಯ ಮೇಲೆ ಹೇಳುವ ನಾವೇ ವರಾನ್ವೇಷಣೆಗೆ ಕುಳಿತಾಗ ಬೇರೆ ತಕ್ಕಡಿ ಹಿಡಿಯುತ್ತೇವೆ. “ಸರಕಾರಿ ನೌಕರಿಗೆ ಓದುತ್ತಿದ್ದಾನೆ” ಎಂದರೆ ತಲೆದೂಗುವವರು, “ಕಾರ್ಖಾನೆಯಲ್ಲಿದ್ದಾನೆ” ಎಂದರೆ ಮಾತು ಬದಲಿಸುತ್ತಾರೆ. ಹುಡುಗರು ಕೋಣೆಯಿಂದ ಹೊರಬರಲು ಹಿಂಜರಿಯುವುದಕ್ಕೆ ಇದೂ ಒಂದು ಕಾರಣವೆಂಬುದು ನಮ್ಮ ಅಭಿಪ್ರಾಯ. ಹೆಣ್ಣುಮಕ್ಕಳ ಪಾಡು ಇನ್ನೂ ವಿಚಿತ್ರ. ಪ್ರಥಮ ದರ್ಜೆಯಲ್ಲಿ ಉತ್ತೀರ್ಣಳಾದವಳ ಪದವಿಯು ಲಗ್ನದ ಬಯೋಡಾಟಾದಲ್ಲಿ ಒಂದು ಸಾಲಾಗಿ ಉಳಿಯುತ್ತದೆ. ಪ್ರಯೋಗಾಲಯದಲ್ಲಿ ಅವಳ ಕೈ ಅಣ್ಣನ ಕೈಗಿಂತ ನಿಖರವಾಗಿತ್ತೆಂಬುದನ್ನು ಅವಳ ಕಾಲೇಜಿನ ಹೊರಗೆ ಯಾರೂ ಕೇಳುವುದಿಲ್ಲ.

ಹಿರಿಯರನ್ನು ನಾವು ಮತ್ತೆ ಕಂಡದ್ದು ಕಾರ್ತಿಕದಲ್ಲಿ. ಮಗ ಓದುವುದನ್ನು ಬಿಟ್ಟಿಲ್ಲ. ಆದರೆ ಸೇಡಂ ಕಡೆಯ ಕಾರ್ಖಾನೆಯೊಂದರ ಸಂದರ್ಶನಕ್ಕೆ ಹೋಗಿ ಬಂದನಂತೆ. ನಾರ್ಮಾಲಿಟಿಗೂ ಮೊಲಾರಿಟಿಗೂ ಭೇದವೇನೆಂದು ಕೇಳಿದರಂತೆ. ಒಂದು ಕಾಲಕ್ಕೆ ಬಾಯಿಪಾಠವಿದ್ದದ್ದು, ನಾಲ್ಕು ವರ್ಷ ಸಾಮಾನ್ಯಜ್ಞಾನವನ್ನೇ ಓದಿದವನಿಗೆ ತೋಚಲಿಲ್ಲ. ಕೆಲಸ ಸಿಗಲಿಲ್ಲ. ಮನೆಗೆ ಬಂದವನು ಅಟ್ಟದ ಮೇಲಿದ್ದ ಪ್ರಾಯೋಗಿಕ ತರಗತಿಯ ನೋಟುಪುಸ್ತಕಗಳನ್ನು ಇಳಿಸಿ ಧೂಳು ಕೊಡವಿದನೆಂದು ತಂದೆ ಹೇಳಿದರು. ಮುಂದಿನ ಸಂದರ್ಶನ ಹುಮನಾಬಾದಿನಲ್ಲಿದೆಯಂತೆ.