ಬಾರ್ ಎಂದರೆ ಸಾಲ, ಮ್ಯಾಂಟಿಸಾ ಎಂದರೆ ಕೈಯಲ್ಲಿರುವ ಚಿಲ್ಲರೆ



ಮಹಾರಾಷ್ಟ್ರ ಬೋರ್ಡಿನ ಹನ್ನೆರಡನೆಯ ತರಗತಿಯ ಭೌತ ಮತ್ತು ರಸಾಯನ ವಿಜ್ಞಾನ ಪರೀಕ್ಷೆಗಳಲ್ಲಿ ಕ್ಯಾಲ್ಕುಲೇಟರಿಗೆ ಅವಕಾಶವಿಲ್ಲ, ಲಾಗ್ ಟೇಬಲಿಗೆ ಇದೆ. ದೊಡ್ಡ ಸಂಖ್ಯೆಗಳ ಲಾಗ್ ನಿಮ್ಮಲ್ಲಿ ಅನೇಕರಿಗೆ ನೀರು ಕುಡಿದಷ್ಟು ಸುಲಭ. ಆದರೆ 0.00 ಎಂದು ಶುರುವಾಗುವ ಸಂಖ್ಯೆ ಎದುರಾದರೆ ಪೆನ್ನು ತಡವರಿಸುತ್ತದೆ. ಸೂತ್ರವೆಲ್ಲ ಸರಿಯಾಗಿ ಬರೆದೂ ಕೊನೆಯ ಸಾಲಿನಲ್ಲಿ ಅಂಕ ಕಳೆದುಕೊಳ್ಳುವುದು ಇಲ್ಲೇ. ಈ ಸಲ ಅದನ್ನೇ ನೋಡೋಣ.

ಸ್ಕಾಟ್ಲೆಂಡಿನ ಜಾನ್ ನೇಪಿಯರ್ 1614ರಲ್ಲಿ ಲಾಗರಿತಮ್ಮನ್ನು ಪ್ರಕಟಿಸಿದ. ಇಂಗ್ಲೆಂಡಿನ ಹೆನ್ರಿ ಬ್ರಿಗ್ಸ್ ಹತ್ತನ್ನು ಆಧಾರವಾಗಿಟ್ಟುಕೊಂಡು, 1ರಿಂದ 1000ದವರೆಗಿನ ಸಂಖ್ಯೆಗಳ ಕೋಷ್ಟಕವನ್ನು 1617ರಲ್ಲಿ ಅಚ್ಚು ಹಾಕಿಸಿದ. ಹತ್ತರ ಆಧಾರದ ಲಾಭವೇನು ಗೊತ್ತೇ? 347, 3.47, 0.0347 ಈ ಮೂರಕ್ಕೂ ಟೇಬಲಿನಲ್ಲಿ ಸಿಗುವುದು ಒಂದೇ: .5403. ಇದು ಮ್ಯಾಂಟಿಸಾ. ದಶಮಾಂಶ ಬಿಂದು ಎಲ್ಲಿದೆ ಎಂದು ಹೇಳುವುದು ಕ್ಯಾರೆಕ್ಟರಿಸ್ಟಿಕ್. ಅದನ್ನು ಟೇಬಲ್ ಹೇಳುವುದಿಲ್ಲ, ನೀವೇ ಎಣಿಸಬೇಕು.

ಎಣಿಕೆ ಹೀಗೆ. ಬಿಂದುವಾದ ಕೂಡಲೇ ಬರುವ ಸೊನ್ನೆಗಳನ್ನು ಎಣಿಸಿ, ಒಂದು ಸೇರಿಸಿ, ತಲೆಯ ಮೇಲೆ ಗೆರೆ ಎಳೆಯಿರಿ. 0.0347ರಲ್ಲಿ ಒಂದು ಸೊನ್ನೆ. ಆದ್ದರಿಂದ ಬಾರ್ 2.5403.

ಇದು ಮೈನಸ್ 2.5403 ಅಲ್ಲ! ಗೆರೆ 2ರ ತಲೆಯ ಮೇಲೆ ಮಾತ್ರ ಇದೆ. ಅಂಗಡಿಯ ಲೆಕ್ಕದಂತೆ ಭಾವಿಸಿ: ಎರಡು ರೂಪಾಯಿ ಸಾಲ, ಕೈಯಲ್ಲಿ ಐವತ್ತನಾಲ್ಕು ಪೈಸೆ ಚಿಲ್ಲರೆ. ಸಾಲ ಬೇರೆ, ಚಿಲ್ಲರೆ ಬೇರೆ. ಚಿಲ್ಲರೆ ಎಂದೂ ಸಾಲವಾಗದಂತೆ ನೋಡಿಕೊಂಡರೆ ಒಂದೇ ಟೇಬಲ್ ಎಲ್ಲ ಸಂಖ್ಯೆಗಳಿಗೂ ಸಾಕಾಗುತ್ತದೆ.

ಈಗ ಗುಣಾಕಾರ: 0.0347 × 0.00628. ಎರಡನೆಯದರ ಲಾಗ್ ಬಾರ್ 3.7980. ಚಿಲ್ಲರೆಗಳನ್ನು ಕೂಡಿ: .5403 + .7980 = 1.3383. ಸಾಲ ಒಟ್ಟು 5. ಚಿಲ್ಲರೆಯಿಂದ ಬಂದ ಒಂದು ಇಡೀ ರೂಪಾಯಿಯನ್ನು ತೀರಿಸಿದರೆ ಉಳಿದದ್ದು 4. ಅಂದರೆ ಬಾರ್ 4.3383. ಆಂಟಿಲಾಗ್ ಟೇಬಲಿನಲ್ಲಿ .3383ಕ್ಕೆ 2179. ಬಾರ್ 4 ಎಂದರೆ ಬಿಂದುವಿನ ಬಳಿಕ ಮೂರು ಸೊನ್ನೆ. ಉತ್ತರ 0.0002179.

ವರ್ಗಮೂಲದಲ್ಲಿ ಇನ್ನೊಂದು ಜಾಣತನ ಬೇಕು. 0.005ರ ಲಾಗ್ ಬಾರ್ 3.6990. ಇದನ್ನು ಎರಡರಿಂದ ಭಾಗಿಸಬೇಕು, ಆದರೆ 3 ಸಮ ಭಾಗವಾಗುವುದಿಲ್ಲ. ಒಂದು ರೂಪಾಯಿ ಹೆಚ್ಚು ಸಾಲ ಮಾಡಿ, ಅದನ್ನು ಚಿಲ್ಲರೆಗೆ ಸೇರಿಸಿ: ಬಾರ್ 4 ಮತ್ತು 1.6990. ಈಗ ಅರ್ಧ ಮಾಡಿದರೆ ಬಾರ್ 2.8495. ಆಂಟಿಲಾಗ್ 7071, ಉತ್ತರ 0.07071.

ರಸಾಯನ ವಿಜ್ಞಾನದ ಪಿಎಚ್ ಲೆಕ್ಕದಲ್ಲಂತೂ ಎಚ್ಚರ ತಪ್ಪಲೇಬಾರದು. ಹೈಡ್ರೋಜನ್ ಅಯಾನುಗಳ ಸಾಂದ್ರತೆ ಲೀಟರಿಗೆ 0.00002 ಮೋಲ್ ಎಂದುಕೊಳ್ಳಿ. ಲಾಗ್ ಬಾರ್ 5.3010. ಗೆರೆ ಅಳಿಸಿ ಪಿಎಚ್ 5.3010 ಎಂದು ಬರೆದರೆ ಕೆಟ್ಟಿತು. ಐದು ರೂಪಾಯಿ ಸಾಲದಲ್ಲಿ ಮೂವತ್ತು ಪೈಸೆ ಕಳೆಯಿರಿ: 5 − 0.3010 = 4.6990. ಇದೇ ಸರಿ.

ಉತ್ತರ ಬಂದ ಮೇಲೆ ಒಮ್ಮೆ ಅಂದಾಜು ನೋಡುವುದನ್ನು ಮರೆಯಬೇಡಿ. ಒಂದಕ್ಕಿಂತ ಚಿಕ್ಕ ಎರಡು ಧನ ಸಂಖ್ಯೆಗಳನ್ನು ಗುಣಿಸಿದರೆ ಬರುವುದು ಎರಡಕ್ಕಿಂತಲೂ ಚಿಕ್ಕದು. ಅಂಥ ಸಂಖ್ಯೆಯ ವರ್ಗಮೂಲ ಮಾತ್ರ ಮೂಲ ಸಂಖ್ಯೆಗಿಂತ ದೊಡ್ಡದು. ಅರ್ಧ ನಿಮಿಷದ ಈ ಪರಿಶೀಲನೆ ಬಿಂದು ತಪ್ಪಿದ್ದನ್ನು ಹಿಡಿದುಕೊಡುತ್ತದೆ.

ಇನ್ನು ನಿಮ್ಮ ಸರದಿ. 0.0052ನ್ನು 0.083ರಿಂದ ಭಾಗಿಸಿ. ಬಾರ್ 3.7160ರಲ್ಲಿ ಬಾರ್ 2.9191 ಕಳೆಯಬೇಕು. ಚಿಲ್ಲರೆ ಸಾಲದು, ಒಂದು ರೂಪಾಯಿ ಕಡ ತರಬೇಕಾದೀತು. ಉತ್ತರ 0.06265 ಬಂದರೆ ಬಾರ್ ನಿಮಗೆ ಒಲಿಯಿತೆಂದೇ ಅರ್ಥ. ಬಾರದಿದ್ದರೆ ಬೇಸರ ಬೇಡ, ಸಾಲ ಮತ್ತು ಚಿಲ್ಲರೆಯನ್ನು ಎರಡು ಕಂಬಗಳಲ್ಲಿ ಬರೆದುಕೊಂಡು ಮತ್ತೊಮ್ಮೆ ಮಾಡಿ.