ವೈಸ್ ಹಿಡಿಯಬೇಕು, ಕಚ್ಚಬಾರದು!

ಬಂಟ್ವಾಳವಿರಲಿ, ಬೆಳ್ತಂಗಡಿ, ಮೂಡುಬಿದಿರೆಯಿರಲಿ, ಹಾರ್ಡ್‌ವೇರ್ ಅಂಗಡಿಯಲ್ಲಿ "ಒಂದು ವೈಸ್ ಕೊಡಿ" ಅಂದರೆ ಸಾಮಾನ್ಯವಾಗಿ ಮುಂದೆ ಬಂದು ಕೂರುವುದು ನಾಲ್ಕಿಂಚಿನ ಬೀಡುಕಬ್ಬಿಣದ್ದು. ಪೈಪು, ಸರಳು ಹಿಡಿಯಲು ಸರಿ. ಆದರೆ ಯಕ್ಷಗಾನದ ಭುಜಕೀರ್ತಿಗೆ? ನನ್ನ ಪ್ರಕಾರ ಖಂಡಿತಾ ಬೇಡ.

ನಮ್ಮ ಕಡೆ ನಾಜೂಕು ಕೆಲಸ ಅಂದರೆ ನನಗೆ ಮೊದಲು ನೆನಪಾಗುವುದು ಈ ಆಭರಣಗಳೇ. ಪತ್ತನಾಜೆಗೆ ತಿರುಗಾಟ ಮುಗಿಸಿದ ಮೇಳಗಳ ಕಿರೀಟ, ಎದೆಕಟ್ಟು ರಿಪೇರಿಗೆ ಮಳೆಗಾಲವೇ ಸಮಯ. ಹಗುರ ಮರ, ಮೇಲೆ ಬೇಗಡೆ, ಕನ್ನಡಿ ಚೂರು, ಮಣಿ. ವೈಸಿನ ಬಾಯಿಯ ಹಲ್ಲು ತಾಗಿದರೆ ಕಲೆ ಉಳಿದಂತೆಯೇ.

ಒಂದು ಸಣ್ಣ ಲೆಕ್ಕ ನೋಡಿ. ಸ್ಕ್ರೂ ಒಂದು ಸುತ್ತಿಗೆ 4 ಮಿ.ಮೀ. ಮುಂದೆ ಹೋಗುತ್ತದೆ, ನಡುವಿನಿಂದ ಕೈಗೆ 10 ಸೆಂ.ಮೀ. ದೂರ ಅಂತಿಟ್ಟುಕೊಳ್ಳಿ. ಕೈ ಸುತ್ತುವ ದಾರಿ ಸುಮಾರು 63 ಸೆಂ.ಮೀ. ಅಂದರೆ ಬಲ 157 ಪಟ್ಟು! ಮುಕ್ಕಾಲು ಪಾಲು ಘರ್ಷಣೆಯಲ್ಲೇ ಹೋದರೂ ಸುಮಾರು 40 ಪಟ್ಟು ಉಳಿಯಿತು. ಎರಡು ಕಿಲೋ ಒತ್ತಿದರೆ ಮರದ ಮೇಲೆ 80 ಕಿಲೋ. ಪಾಪ, ಆ ಮರ ಏನು ಮಾಡೀತು? :)

ಹಾಗಾದರೆ ಯಾವುದು ಕೊಳ್ಳಬೇಕು? ಎರಡು-ಎರಡೂವರೆ ಇಂಚಿನ ಬಾಯಿ ಸಾಕು. ಹಲ್ಲಿಲ್ಲದ ನುಣುಪು ಬಾಯಿ ಸಿಗದಿದ್ದರೆ ಎರಡೂ ಬದಿಗೆ ತೊಗಲೋ ಮೆದು ಮರದ ಹಲಗೆಯೋ ಅಂಟಿಸಿ. ಕೊಳ್ಳುವ ಮುಂಚೆ ಬಾಯಿಯ ಎರಡು ತುದಿಗೆ ಒಂದೊಂದು ಕಾಗದದ ಚೂರು ಇಟ್ಟು ಮುಚ್ಚಿ ಎಳೆಯಿರಿ. ಒಂದು ಸುಲಭವಾಗಿ ಬಂದು ಇನ್ನೊಂದು ಬಾರದಿದ್ದರೆ ಬಾಯಿ ಸೊಟ್ಟ, ವಾಪಸ್ ಕೊಡಿ. ಜಾರುವ ಬದಿಯನ್ನು ಮೇಲೆ ಕೆಳಗೆ ಅಲ್ಲಾಡಿಸಿಯೂ ನೋಡಿ. ಜಾಸ್ತಿ ಆಡಿದರೆ ಬಿಗಿ ಮಾಡುವಾಗ ವಸ್ತು ಓರೆಯಾಗುತ್ತದೆ.

ರಬ್ಬರ್ ಕಪ್ಪಿನಿಂದ ಮೇಜಿಗೆ ಅಂಟುವ ವೈಸ್‌ಗಳನ್ನಂತೂ ನಾನು ಸೂಚಿಸಲಾರೆ. ಗಾಜಿನಂಥ ನುಣುಪು ಮೇಲ್ಮೈ ಇದ್ದರೆ ಸೈ, ಒರಟು ಹಲಗೆಯ ಮೇಲೆ ಅದು ನಿಲ್ಲುವುದಿಲ್ಲ. ನೆಲದಲ್ಲಿ ಕುಳಿತು ಕೆಲಸ ಮಾಡುವವರು ದಪ್ಪ ಮಣೆಗೆ ಬೋಲ್ಟ್ ಹಾಕಿಸಿಕೊಳ್ಳಲಿ. ಮತ್ತೆ, ನಮ್ಮ ಮಳೆ ಗೊತ್ತಲ್ಲ... ಸ್ಕ್ರೂವಿಗೆ ಎಣ್ಣೆ ಮರೆಯಬೇಡಿ.

"ಕಾಲಬೆರಳಲ್ಲಿ ಹಿಡಿದೇ ಕೆತ್ತುತ್ತಿದ್ದರಲ್ಲ, ಇದೆಲ್ಲ ಯಾಕೆ?" ಅನ್ನುವವರಿದ್ದಾರೆ. ನಿಜ. ಆದರೆ ಎಷ್ಟು ಒತ್ತಬೇಕು ಅಂತ ಕಾಲಿಗೆ ಗೊತ್ತಾಗುತ್ತದೆ, ಕಬ್ಬಿಣಕ್ಕೆ ಗೊತ್ತಾಗುವುದಿಲ್ಲ. ಅದಕ್ಕೇ ತೂಕ ನೋಡಿ ವೈಸ್ ಕೊಳ್ಳಬೇಡಿ, ಬಾಯಿ ನೋಡಿ ಕೊಳ್ಳಿ. ನೀವೇನಂತೀರಿ?