ರೈಲು ಉದ್ದವಾದರೆ ಸಾಲದು, ನಿಲ್ದಾಣವೂ ಹಿಗ್ಗಬೇಕು

2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿ ಮತ್ತು ಎಂ.ಜಿ. ರಸ್ತೆಯ ನಡುವೆ ಬೆಂಗಳೂರಿನ ಮೆಟ್ರೊ ಸಂಚಾರ ಆರಂಭವಾಯಿತು. ಆರು ಬೋಗಿಗಳಿಗೆಂದು ಕಟ್ಟಿದ ಪ್ಲಾಟ್‌ಫಾರಂಗೆ ಮೂರು ಬೋಗಿಗಳ ರೈಲು ಬಂದು ನಿಲ್ಲುತ್ತಿತ್ತು. ದೂರದ ತುದಿಯಲ್ಲಿ ನಿಂತವರು ಚೀಲ ಹಿಡಿದು ಓಡಿ ಬಂದು ಬಾಗಿಲು ಸೇರಬೇಕಾಗುತ್ತಿತ್ತು. ಅರ್ಧ ನಿಲ್ದಾಣ ಬರಿದಾಗಿರುವುದನ್ನು ಕಂಡಾಗ, ಹಣಕಾಸಿನ ಕಡತಗಳನ್ನು ನೋಡಿ ಪಳಗಿದ ನನ್ನ ಕಣ್ಣಿಗೆ ಅದು ದುಂದುವೆಚ್ಚವೆನಿಸಿತ್ತು. ಇಂದು ಬಳಕೆಯಾಗದ ಕಾಂಕ್ರೀಟಿಗೆ ಇಂದೇ ಬಡ್ಡಿ ತೆರುವುದೇಕೆ ಎಂಬುದು ನನ್ನ ತರ್ಕವಾಗಿತ್ತು.

ನನ್ನ ಲೆಕ್ಕ ತಪ್ಪಾಗಿತ್ತು. 2017ರಲ್ಲಿ 150 ಹೆಚ್ಚುವರಿ ಬೋಗಿಗಳ ಖರೀದಿಗೆ ಒಪ್ಪಂದವಾಗಿ, 2018ರ ಜೂನ್‌ನಲ್ಲಿ ಆರು ಬೋಗಿಗಳ ಮೊದಲ ರೈಲು ಓಡಿದಾಗ, ಯಾವ ನಿಲ್ದಾಣವನ್ನೂ ಒಡೆಯಬೇಕಾಗಲಿಲ್ಲ. ಒಂದು ದಿನವೂ ಮಾರ್ಗವನ್ನು ಮುಚ್ಚಿ ಪ್ಲಾಟ್‌ಫಾರಂ ಬೆಳೆಸಬೇಕಾಗಲಿಲ್ಲ. ಬರಿದಾಗಿ ಕಂಡಿದ್ದ ಆ ಜಾಗವೇ ನಗರವನ್ನು ಕಾಯಿತು. ಅದಿಲ್ಲದಿದ್ದರೆ ಏನಾಗುತ್ತಿತ್ತೆಂಬುದನ್ನು ತಿಳಿಯಲು ಮುಂಬೈಯತ್ತ ನೋಡಬೇಕು.

1925ರ ಫೆಬ್ರುವರಿ 3ರಂದು ಬೊಂಬಾಯಿ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ಹೊರಟ ದೇಶದ ಮೊದಲ ವಿದ್ಯುತ್ ರೈಲಿಗೆ ಇದ್ದುದು ನಾಲ್ಕು ಬೋಗಿ. ಅಲ್ಲಿಂದ ಒಂಬತ್ತು, ಹನ್ನೆರಡು, 2009ರಲ್ಲಿ ಪಶ್ಚಿಮ ರೈಲ್ವೆಯಲ್ಲಿ ಹದಿನೈದು. ಇದರ ಹಿಂದಿನ ಅರ್ಥಶಾಸ್ತ್ರ ಸರಳ. ಮೂರು ನಾಲ್ಕು ನಿಮಿಷಕ್ಕೊಂದರಂತೆ ರೈಲುಗಳು ಓಡುವ ಹಳಿಯಲ್ಲಿ ಮತ್ತೊಂದು ರೈಲನ್ನು ತೂರಿಸಲು ಎಡೆಯಿಲ್ಲ. ಹನ್ನೆರಡು ಬೋಗಿಗಳನ್ನು ಹದಿನೈದು ಮಾಡಿದರೆ ಅದೇ ಹಳಿಯಲ್ಲಿ, ಅದೇ ಒಬ್ಬ ಚಾಲಕ, ಅದೇ ಒಬ್ಬ ಗಾರ್ಡ್‌ನೊಂದಿಗೆ ಶೇ 25ರಷ್ಟು ಹೆಚ್ಚು ಜನರನ್ನು ಸಾಗಿಸಬಹುದು. ಸಾರಿಗೆಯಲ್ಲಿ ಇಷ್ಟು ಅಗ್ಗದ ವಿಸ್ತರಣೆ ಬೇರೊಂದಿಲ್ಲ ಎನಿಸುತ್ತದೆ. ಕಾಗದದ ಮೇಲೆ ಅದು ನಿಜವೂ ಹೌದು.

ಆದರೆ ಬೋಗಿಯೊಂದು ಇಪ್ಪತ್ತು ಮೀಟರಿಗೂ ತುಸು ಹೆಚ್ಚು ಉದ್ದ. ಮೂರು ಬೋಗಿ ಸೇರಿಸುವುದೆಂದರೆ ಪ್ರತಿ ಪ್ಲಾಟ್‌ಫಾರಂ ಅರವತ್ತು ಮೀಟರಿಗೂ ಹೆಚ್ಚು ಬೆಳೆಯಬೇಕು. ಪ್ಲಾಟ್‌ಫಾರಂ ತುದಿಯಿಂದಾಚೆ ಇರುವುದು ಖಾಲಿ ನೆಲವಲ್ಲ. ಅಲ್ಲಿ ರೈಲನ್ನು ಹೊರಡಿಸುವ ಸಿಗ್ನಲ್ ಇರುತ್ತದೆ. ಅದರ ಮುಂದೆ ಹಳಿಗಳು ಕವಲೊಡೆಯುವ ಜಾಗ. ಮೇಲೆ ವಿದ್ಯುತ್ ತಂತಿಯ ಕಂಬಗಳು. ಅನೇಕ ಕಡೆ ರಸ್ತೆ ಸೇತುವೆಯ ಕಂಬ, ಇಲ್ಲವೇ ಲೆವೆಲ್ ಕ್ರಾಸಿಂಗ್ ಗೇಟು. ಕವಲನ್ನು ಸರಿಸಿದರೆ ಸಿಗ್ನಲ್ ವ್ಯವಸ್ಥೆಯನ್ನೇ ಹೊಸದಾಗಿ ಹೊಂದಿಸಬೇಕು. ಉದ್ದನೆಯ ರೈಲು ನಿಂತಾಗ ಅದರ ಬಾಲ ಹಿಂದಿನ ಕವಲಿನ ಮೇಲೆ ಉಳಿದರೆ ಇಡೀ ನಿಲ್ದಾಣವೇ ಕಟ್ಟಿಕೊಳ್ಳುತ್ತದೆ. ಹಳಿ ತಿರುವಿನಲ್ಲಿದ್ದರೆ ಬಾಗಿಲಿಗೂ ಪ್ಲಾಟ್‌ಫಾರಂಗೂ ನಡುವಿನ ಸಂದು ಅಪಾಯಕಾರಿಯಾಗಿ ಅಗಲವಾಗುತ್ತದೆ. ಇವೆಲ್ಲದರ ಮೇಲೆ ರಾತ್ರಿ ರೈಲುಗಳನ್ನು ನಿಲ್ಲಿಸುವ ಹಳಿಗಳೂ ಅಷ್ಟೇ ಉದ್ದವಾಗಬೇಕು. ಮುಂಬೈಯ ನಿಧಾನ ಮಾರ್ಗಕ್ಕೆ ಹದಿನೈದು ಬೋಗಿಗಳ ರೈಲು ಬಂದದ್ದು 2021ರಲ್ಲಿ; ಅದೂ ಅಂಧೇರಿ-ವಿರಾರ್ ನಡುವೆ ಮಾತ್ರ. ವೇಗದ ರೈಲಿಗೆ ಕೆಲವೇ ನಿಲ್ದಾಣಗಳನ್ನು ಬೆಳೆಸಿದರೆ ಸಾಕು, ನಿಧಾನದ ರೈಲಿಗೆ ಒಂದನ್ನೂ ಬಿಡುವಂತಿಲ್ಲ.

ಶ್ರೀಮಂತ ನಗರಗಳೂ ಈ ಕಷ್ಟದಿಂದ ಪಾರಾಗಿಲ್ಲ. ಲಂಡನ್ನಿನ ಫ್ಯಾರಿಂಗ್‌ಡನ್ ನಿಲ್ದಾಣದಲ್ಲಿ ಹನ್ನೆರಡು ಬೋಗಿಗಳಿಗೆ ಜಾಗ ಮಾಡಬೇಕಾದಾಗ, ಉತ್ತರಕ್ಕೆ ಕಡಿದಾದ ಇಳಿಜಾರು ಅಡ್ಡಬಂತು. ದಕ್ಷಿಣಕ್ಕೆ ಬೆಳೆಸಲು ಮೂರ್‌ಗೇಟ್ ಕಡೆಗೆ ಹೋಗುತ್ತಿದ್ದ ಕವಲು ಮಾರ್ಗವನ್ನೇ 2009ರಲ್ಲಿ ಮುಚ್ಚಬೇಕಾಯಿತು. ಕೆಲವು ಮೀಟರ್ ಪ್ಲಾಟ್‌ಫಾರಂಗಾಗಿ ಒಂದು ಮಾರ್ಗವೇ ಬಲಿಯಾಯಿತು.

ನಮ್ಮಲ್ಲಿ ಬಲಿಯಾಗುವುದು ಸಾಮಾನ್ಯವಾಗಿ ಪ್ರಯಾಣಿಕರ ದಿನಗಳು. 2024ರ ಮೇ ಕೊನೆಯಲ್ಲಿ ಠಾಣೆ ನಿಲ್ದಾಣದ ಇಕ್ಕಟ್ಟಿನ ಪ್ಲಾಟ್‌ಫಾರಂ ಒಂದನ್ನು ಎರಡು ಮೂರು ಮೀಟರ್ ಅಗಲಗೊಳಿಸಲು ಹಳಿಯನ್ನೇ ಪಕ್ಕಕ್ಕೆ ಸರಿಸಬೇಕಾಯಿತು. ಅದಕ್ಕೆ 63 ಗಂಟೆ ಸಂಚಾರ ನಿರ್ಬಂಧ. ಅದೇ ಸಮಯದಲ್ಲಿ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಲ್ಲಿ ದೂರಪ್ರಯಾಣದ 24 ಬೋಗಿಗಳ ರೈಲುಗಳಿಗಾಗಿ ಪ್ಲಾಟ್‌ಫಾರಂ ಬೆಳೆಸುವ ಕೆಲಸ. ಮೂರು ದಿನಗಳಲ್ಲಿ 900ಕ್ಕೂ ಹೆಚ್ಚು ಲೋಕಲ್ ರೈಲುಗಳು ರದ್ದಾದವು. ರೈಲ್ವೆಯವರನ್ನು ಇದಕ್ಕಾಗಿ ನಾನು ದೂರುವುದಿಲ್ಲ; ಓಡುತ್ತಿರುವ ವ್ಯವಸ್ಥೆಯ ದುರಸ್ತಿ ಹೀಗಲ್ಲದೆ ಬೇರೆ ರೀತಿಯಲ್ಲಿ ಆಗದು.

ಉದ್ದದ ಮಾತು ಬಂದಾಗ ಮೆಟ್ಟಿಲನ್ನು ಮರೆಯುವುದು ನಮ್ಮ ಇನ್ನೊಂದು ದೋಷ. ಡೊಂಬಿವಲಿಯಲ್ಲಿ ಮೂವತ್ತು ವರ್ಷಗಳಿಂದ ನೆಲೆಸಿರುವ ನನ್ನ ತಂಗಿ ಪ್ಲಾಟ್‌ಫಾರಂನಲ್ಲಿ ನಿಲ್ಲುವ ಜಾಗವನ್ನು, ಇಳಿಯುವ ನಿಲ್ದಾಣದ ಮೆಟ್ಟಿಲು ಎಲ್ಲಿದೆ ಎಂಬುದರ ಮೇಲೆ ನಿರ್ಧರಿಸುತ್ತಾಳೆ. ಎಲ್ಲರೂ ಹಾಗೆಯೇ ಮಾಡುತ್ತಾರೆ. ತುದಿಯ ಬೋಗಿಯಲ್ಲಿ ಕಾಲು ಚಾಚಲು ಜಾಗವಿದ್ದರೂ ಮೆಟ್ಟಿಲಿನೆದುರಿಗೆ ಬಂದು ನಿಲ್ಲುವ ಬೋಗಿಯಲ್ಲಿ ಉಸಿರಾಡಲಾಗದಷ್ಟು ಜನ. ‘ಆ ಕೊನೆಯಿಂದ ನಡೆದು ಬರುವಷ್ಟರಲ್ಲಿ ಆಫೀಸಿನಲ್ಲಿ ಅರ್ಧ ದಿನದ ರಜೆ ಹಾಕಿರುತ್ತಾರೆ ಅಣ್ಣಾ’ ಎಂದು ಅವಳು ನಗುತ್ತಾಳೆ. ಆದರೆ ಇದು ನಗುವ ವಿಷಯವಲ್ಲ. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ಮಳೆಯ ನಡುವೆ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಕಿರಿದಾದ ಪಾದಚಾರಿ ಮೇಲ್ಸೇತುವೆಯ ಮೆಟ್ಟಿಲಲ್ಲಿ ಉಂಟಾದ ಕಾಲ್ತುಳಿತದಲ್ಲಿ 23 ಜನ ಸತ್ತರು. ಸುತ್ತಲಿನ ಬಟ್ಟೆ ಗಿರಣಿಗಳು ಹೋಗಿ ಕಚೇರಿ ಗೋಪುರಗಳು ಎದ್ದಿದ್ದವು, ರೈಲುಗಳು ಬೆಳೆದಿದ್ದವು; ಮೆಟ್ಟಿಲು ಮಾತ್ರ ಗಿರಣಿಗಳ ಕಾಲದಷ್ಟೇ ಅಗಲವಾಗಿತ್ತು. ಹೊಸ ಸೇತುವೆಯನ್ನು ಸೇನೆಯವರು ಬಂದು ಕಟ್ಟಿಕೊಟ್ಟರು, 2018ರ ಫೆಬ್ರುವರಿಯ ಹೊತ್ತಿಗೆ. ಕೆಲವೇ ತಿಂಗಳಲ್ಲಿ ಆಗುವ ಕೆಲಸಕ್ಕೆ 23 ಹೆಣ ಬೀಳುವವರೆಗೆ ಕಾಯಬೇಕಾಯಿತು.

ಹೀಗೇಕಾಗುತ್ತದೆ? ಸೇವೆಯಲ್ಲಿದ್ದಾಗ ನನ್ನ ಮುಂದೆ ಬಂದ ಒಂದು ಕಡತ ನೆನಪಾಗುತ್ತದೆ. ಒಂದು ಸರ್ಕಾರಿ ಆಸ್ಪತ್ರೆಗೆ ದುಬಾರಿ ಯಂತ್ರವೊಂದು ಬಂದಿತ್ತು. ಅದನ್ನಿಡಬೇಕಾದ ಕೋಣೆಯ ಬಾಗಿಲು ಕಿರಿದು. ಯಂತ್ರ ಒಂದು ಲೆಕ್ಕ ಶೀರ್ಷಿಕೆಯದು, ಬಾಗಿಲು ಇನ್ನೊಂದರದು. ಹನ್ನೊಂದು ತಿಂಗಳು ಆ ಯಂತ್ರ ಜಗಲಿಯಲ್ಲಿ ಟಾರ್ಪಾಲಿನ್ ಹೊದ್ದು ಕುಳಿತಿತ್ತು. ಬೋಗಿ ಮತ್ತು ಮೆಟ್ಟಿಲುಗಳ ಸಂಬಂಧವೂ ಇದೇ. ಹೊಸ ರೈಲಿಗೆ ಹಸಿರು ಬಾವುಟ ತೋರಿಸಲು ಗಣ್ಯರು ಬರುತ್ತಾರೆ. ಮೂರು ಮೀಟರ್ ಅಗಲವಾದ ಮೆಟ್ಟಿಲನ್ನು ಉದ್ಘಾಟಿಸಲು ಯಾರೂ ಉತ್ಸುಕರಾಗಿರುವುದಿಲ್ಲ.

ಇಷ್ಟೆಲ್ಲ ಹೇಳಲು ಕಾರಣ ನಮ್ಮ ನಗರದ ಉಪನಗರ ರೈಲು ಯೋಜನೆ. ನಾಲ್ಕು ಮಾರ್ಗ, 148 ಕಿಲೋಮೀಟರ್. ಕೇಂದ್ರ ಸಂಪುಟದ ಒಪ್ಪಿಗೆ 2020ರಲ್ಲಿ, ಶಂಕುಸ್ಥಾಪನೆ 2022ರ ಜೂನ್‌ನಲ್ಲಿ. ಕೆಲಸ ಕುಂಟುತ್ತಿರುವ ಬಗ್ಗೆ ಸಾಕಷ್ಟು ಟೀಕೆ ಬಂದಿದೆ, ಅದಕ್ಕೆ ನನ್ನದನ್ನು ಸೇರಿಸುವುದಿಲ್ಲ. ತಡವಾಗಿರುವುದರಲ್ಲಿ ಒಂದು ಅನುಕೂಲವೂ ಇದೆ: ನಕ್ಷೆಯನ್ನು ತಿದ್ದಲು ಇನ್ನೂ ಅವಕಾಶವಿದೆ.

ವೆಚ್ಚ ಇಳಿಸುವ ಒತ್ತಡ ಬಂದಾಗ ಮೊದಲು ಕತ್ತರಿ ಬೀಳುವುದು ಭವಿಷ್ಯದ ಜಾಗಕ್ಕೆ. ಅಂಥ ಕತ್ತರಿಯನ್ನು ಹಿಡಿದವರಲ್ಲಿ ನಾನೂ ಒಬ್ಬ. ಈಗಿನ ಪ್ರಯಾಣಿಕರ ಸಂಖ್ಯೆಗೆ ಚಿಕ್ಕ ರೈಲು ಸಾಕು ಎಂಬ ವಾದ ಸುಳ್ಳಲ್ಲ. ಬಳಸದ ಪ್ಲಾಟ್‌ಫಾರಂ ಕಟ್ಟಿ ಸಾಲದ ಹೊರೆ ಹೊರಬೇಕಾಗಿಯೂ ಇಲ್ಲ. ಕಾಂಕ್ರೀಟನ್ನು ನಾಳೆ ಸುರಿಯಬಹುದು. ನೆಲವನ್ನು ನಾಳೆ ತರಲಾಗದು. ಬಾಣಸವಾಡಿ, ಲೊಟ್ಟೆಗೊಲ್ಲಹಳ್ಳಿಯಂಥ ಕಡೆ ಹಳಿಯ ಪಕ್ಕದಲ್ಲಿ ಈಗಾಗಲೇ ಮನೆಗಳು ಒತ್ತೊತ್ತಾಗಿವೆ. ಇನ್ನು ಹತ್ತು ವರ್ಷ ಕಳೆದರೆ ಅರವತ್ತು ಮೀಟರ್ ಜಾಗಕ್ಕೆ ಎಷ್ಟು ಮನೆಗಳನ್ನು ಕೆಡವಬೇಕಾದೀತು, ಎಷ್ಟು ದಾವೆಗಳನ್ನು ನಡೆಸಬೇಕಾದೀತು ಎಂಬುದನ್ನು ಭೂಸ್ವಾಧೀನ ಕಡತಗಳನ್ನು ನೋಡಿದ ಯಾರು ಬೇಕಾದರೂ ಹೇಳಬಲ್ಲರು. ಮೆಟ್ರೊದ ನೆಲದಡಿಯ ನಿಲ್ದಾಣಗಳಿಗೆ ಆ ದಾರಿಯೂ ಇಲ್ಲ. ದೆಹಲಿಯ ಮೊದಲ ಮಾರ್ಗಗಳನ್ನು ಎಂಟು ಬೋಗಿಗಳಿಗೆ ಕಟ್ಟಿದರು, ನಾವು ಆರಕ್ಕೆ ನಿಲ್ಲಿಸಿದೆವು. ಇನ್ನು ಅಲ್ಲಿ ರೈಲುಗಳ ನಡುವಿನ ಅಂತರವನ್ನು ಇಳಿಸುವುದೊಂದೇ ಉಳಿದಿರುವ ಉಪಾಯ.

ಆದ್ದರಿಂದ ಸರ್ಕಾರವನ್ನು ಕೇಳುವುದಿಷ್ಟೇ. ಪ್ರತಿ ನಿಲ್ದಾಣದ ಎರಡೂ ತುದಿಗಳಲ್ಲಿ ಮುಂದಿನ ಬೋಗಿಗಳ ಜಾಗವನ್ನು ಈಗಲೇ ಗುರುತಿಸಲಿ. ಸಿಗ್ನಲ್ ಮತ್ತು ಕವಲುಗಳನ್ನು ಆ ಗೆರೆಯ ಆಚೆಗೇ ಹಾಕಲಿ. ಮೆಟ್ಟಿಲು, ಹೊರದಾರಿಗಳು ಒಂದೇ ತುದಿಯಲ್ಲಿ ಕೂಡದಿರಲಿ. ಕಾದಿರಿಸಿದ ನೆಲದ ವಿವರವನ್ನು ಸರ್ವೆ ನಂಬರ್ ಸಮೇತ ಪ್ರಕಟಿಸಲಿ. ಪ್ರಕಟಿಸದಿದ್ದರೆ ಆ ಜಾಗದಲ್ಲಿ ಮೊದಲು ಒಂದು ಶೆಡ್ಡು, ಆಮೇಲೆ ಒಂದು ವಾಣಿಜ್ಯ ಸಂಕೀರ್ಣ ಏಳುತ್ತದೆ.